ಊದಿ ಹೂಂ ಅನ್ನುವುದು

ಸೀಟಿ ಟೀಚರಿಗೆ ನಿವೃತ್ತಿಯಾದಾಗ ಸೀಟಿ ಶಾಲೆಯಲ್ಲೇ ಉಳಿಯಿತು, ಉಸಿರು ಮಾತ್ರ ಅವರ ಜೊತೆ ಮನೆಗೆ ಬಂತು. ಅದು ಅಂತಿಂಥ ಉಸಿರಲ್ಲ. ಮೈದಾನದ ಈ ತುದಿಯಲ್ಲಿ ನಿಂತು ಊದಿದರೆ ಆ ತುದಿಯಲ್ಲಿ ಗೋಡೆ ಹಾರುತ್ತಿದ್ದ ಹುಡುಗ ಗೋಡೆಯ ಮೇಲೇ ಕಲ್ಲಾಗಿ ಕೂರುತ್ತಿದ್ದ. ವ್ಯಾಯಾಮದ ಟೀಚರಾಗಿ ಅವರು ಕಳೆದ ಅಷ್ಟೂ ವರ್ಷ, ಹೆತ್ತವರು ಇಟ್ಟ ಹೆಸರು ಸಂಬಳದ ದಿನ ಬಿಟ್ಟರೆ ಯಾರಿಗೂ ನೆನಪಾಗಿದ್ದಿಲ್ಲ. ಈಗ ಮಗಳ ಮನೆಯಲ್ಲಿ ಮೊಮ್ಮಗಳನ್ನು ನೋಡಿಕೊಂಡಿರುವ ಕಾಲಕ್ಕೆ ಆ ಉಸಿರಿಗೆ ಉಳಿದಿದ್ದ ಕೆಲಸ ಒಂದೇ, ದಿನಾ ಬೆಳಿಗ್ಗೆ ಅಳಿಯನ ಕಾರಿಗೆ ಊದುವುದು.

ಕಾರಿಗೆ ಊದುವುದೆಂದರೆ ಏನು ಎಂದು ಕೇಳುವವರು ಪುಣ್ಯವಂತರು. ಅವರ ಮನೆಯಲ್ಲಿ ಯಾರೂ ಕುಡಿದು ಗಾಡಿ ಓಡಿಸಿ ಸಿಕ್ಕಿಬಿದ್ದಿಲ್ಲ ಎಂದು ಅರ್ಥ.

ಟೀಚರ ಅಳಿಯ ಸಿಕ್ಕಿಬಿದ್ದಿದ್ದ. ಮನೆ ಮನೆಗೆ ಹೋಗಿ ಕಿಟಕಿ ಅಳೆದು, ಪರದೆ ಹೊಲಿಸಿ ತೂಗುಹಾಕಿ ಬರುವುದು ಅವನ ಕಸುಬು. ಒಂದು ಸಂಜೆ ಹೊಸ ಮನೆಯ ಯಜಮಾನನೊಬ್ಬ, ಪರದೆಯ ನೆರಿಗೆ ಬಹಳ ಚೆನ್ನಾಗಿ ಬಂತೆಂದು ಕೂರಿಸಿಕೊಂಡು ಕುಡಿಸಿದ. ವಾಪಸು ಬರುವಾಗ ಕಾರು ದೊಡ್ಡ ವೃತ್ತವನ್ನು ಸುತ್ತುವ ಬದಲು ನೇರವಾಗಿ ಅದರ ಮಧ್ಯದ ಹೂವಿನ ಪಾತಿಗೆ ಹೋಗಿ ನಿಂತಿತು. ಯಾರಿಗೂ ಏನೂ ಆಗಲಿಲ್ಲ, ಸತ್ತಿದ್ದು ಹೂಗಳು ಮಾತ್ರ. ಕೋರ್ಟು ದಂಡ ಹಾಕಿತು, ಒಂದು ವರ್ಷ ಲೈಸೆನ್ಸ್ ಕಿತ್ತುಕೊಂಡಿತು. ಆ ವರ್ಷವೆಲ್ಲ ಅವನು ಪರದೆ ಬಟ್ಟೆಯ ಗಂಟು ಹೊತ್ತು ಬಸ್ಸಿನಲ್ಲಿ ಓಡಾಡಿದ. ಮೆಟ್ಟಿಲು ಹತ್ತಿ ಬರುವಾಗ ಅವನ ಬೆನ್ನು ನೋಡಿ ಟೀಚರಿಗೆ ಕರುಳು ಚುರುಕ್ ಎನ್ನುತ್ತಿತ್ತು.

ಲೈಸೆನ್ಸ್ ವಾಪಸು ಬಂತು, ಆದರೆ ವಿಮೆ ಬರಲಿಲ್ಲ. ಫೋನಿನಲ್ಲಿ ಕಂಪನಿಯವರೆಲ್ಲ ಮೊದಲು ಸಕ್ಕರೆಯಂತೆ ಮಾತಾಡುತ್ತಿದ್ದರು, ಶಿಕ್ಷೆಯ ವಿಷಯ ಬಂದ ಕೂಡಲೇ ಹಾವು ತುಳಿದವರಂತೆ ಹಿಂದೆ ಸರಿಯುತ್ತಿದ್ದರು. ಕೊನೆಗೆ ಒಂದು ಕಂಪನಿ ಒಪ್ಪಿತು. ಕಾರು ಕಳಂಕವಿಲ್ಲದ ಇನ್ನೊಬ್ಬರ ಹೆಸರಿಗೆ ಆಗಬೇಕು. ಸ್ಟೀರಿಂಗ್ ಪಕ್ಕ ಉಸಿರಿನ ಯಂತ್ರ ಕೂರಿಸಬೇಕು, ಅದಕ್ಕೆ ಊದಿದರೇನೇ ಇಂಜಿನ್ನು ಶುರುವಾಗುತ್ತದೆ, ಉಸಿರಿನಲ್ಲಿ ಮದ್ಯವಿದ್ದರೆ ಆಗುವುದಿಲ್ಲ. ಇಷ್ಟಾದ ಮೇಲೂ ಕಂತು ಮಾತ್ರ ಮೊದಲಿನ ಮೂರು ಪಟ್ಟು.

"ಮಾರಿಬಿಡೋಣ ಆ ದರಿದ್ರ ಕಾರನ್ನ," ಎಂದಳು ಮಗಳು. ಆಸ್ಪತ್ರೆಯ ಲ್ಯಾಬಿನಲ್ಲಿ ದಿನವಿಡೀ ಜನರ ರಕ್ತ ತೆಗೆಯುವ ಹೆಂಗಸು ಅವಳು, ಅವಳ ಮಾತೂ ಸೂಜಿಯ ಹಾಗೇ.

"ಕಾರಿಲ್ದೆ ಅವರು ಗಂಟು ಹೊತ್ತು ಎಷ್ಟು ದಿನ ತಿರುಗ್ತಾರೆ?" ಎಂದರು ಟೀಚರು. "ನನ್ನ ಹೆಸರಿಗೆ ಮಾಡಿ. ಕಂತು ನಾನು ಕಟ್ತೀನಿ."

ವಿಮೆ ಕಂಪನಿಯ ಕಚೇರಿಯಲ್ಲಿ ಕಾರು ಅವನದಲ್ಲ, ಅವನ ಅತ್ತೆಯದು ಎಂದಾಯಿತು. ಅಳಿಯ ಅಲ್ಲ, ಮಗಳ ಗಂಡ ಎಂದ ಹಾಗೆ. ಗಾಜಿನ ಮೇಜಿನ ಆಚೆ ಕೂತಿದ್ದ ಹುಡುಗಿ ಪೆನ್ನು ಕೊಡುವ ಮೊದಲು ಒಂದು ಮಾತು ಹೇಳಿದಳು. "ಮೇಡಂ, ಗಾಡಿ ಓಡಿಸೋರೇ ಯಂತ್ರಕ್ಕೆ ಊದಬೇಕು. ಬೇರೆ ಯಾರಾದ್ರೂ ಊದಿದ್ದು ಗೊತ್ತಾದ್ರೆ ವಿಮೆ ಅಲ್ಲಿಗೇ ರದ್ದು."

"ಬೇರೆಯವರು ಯಾಕಮ್ಮ ಊದ್ತಾರೆ, ಅವರಿಗೇನು ತಲೆ ಕೆಟ್ಟಿದ್ಯಾ?" ಎಂದು ಟೀಚರು ನಕ್ಕು ಸಹಿ ಹಾಕಿದರು.

ಹೊರಗೆ ಬಂದ ಮೇಲೆ ಅಳಿಯ ಲಿಫ್ಟಿನ ಮುಂದೆ ಅವರ ಎರಡೂ ಕೈ ಹಿಡಿದುಕೊಂಡ. ಮದುವೆಯಾದ ದಿನದಿಂದ ಅವನ ಬಾಯಲ್ಲಿ ಅವರು 'ಅತ್ತೆ'. ಅವರ ಬಾಯಲ್ಲಿ ಅವನು 'ನೀವು'. ಆವತ್ತು ಅವನು, "ಇನ್ನು ಮುಟ್ಟಲ್ಲ ಅಮ್ಮ," ಎಂದ. ಅತ್ತೆ ಹೋಗಿ ಅಮ್ಮ ಬಂತು. ಟೀಚರಿಗೆ ಗಂಡುಮಕ್ಕಳಿರಲಿಲ್ಲ. "ಹೋಗಲಿ ಬಿಡಪ್ಪ, ನೀನು ಚೆನ್ನಾಗಿದ್ರೆ ಸಾಕು," ಎಂದುಬಿಟ್ಟರು. ನೀವು ಹೋಗಿ ನೀನು ಬಂತು. ಆ ಒಂದು ಮಾತಿಗಾಗಿ ಅವರು ಇಪ್ಪತ್ತು ವರ್ಷದ ಈಜುಕೊಳದ ಸದಸ್ಯತ್ವ ಬಿಟ್ಟರು. ಪಿಂಚಣಿ ಈ ಕೈಗೆ ಬಂದು ಆ ಕೈಯಿಂದ ವಿಮೆಗೆ ಹೋಗುತ್ತಿತ್ತು. ಅದರ ಬಗ್ಗೆ ಅವರಿಗೆ ಎಳ್ಳಷ್ಟೂ ಬೇಜಾರಿರಲಿಲ್ಲ, ಒಳಗೊಳಗೇ ಜಂಬವೇ ಇತ್ತು.

ಯಂತ್ರ ಬಂತು. ಅಂಗೈಯಗಲದ ಕಪ್ಪು ಡಬ್ಬಿ, ಸುರುಳಿ ವೈರು, ಬಾಯಿಗಿಡಲು ಒಂದು ಕೊಳವೆ. ಟೀಚರು ಅದಕ್ಕೆ 'ಊದುಗೊಳವೆ' ಎಂದು ನಾಮಕರಣ ಮಾಡಿದರು. ಅದಕ್ಕೆ ಬರಿದೇ ಊದಿದರೆ ಸಾಲದು. ಪಂಪಿನ ಗಾಳಿ ಬಿಟ್ಟು ಮೋಸ ಮಾಡುವವರಿರುತ್ತಾರಂತೆ, ಅದಕ್ಕೇ ಊದುತ್ತಾ ಊದುತ್ತಾ ಗಂಟಲಿನಿಂದ 'ಹೂಂ' ಎಂದು ದನಿ ಹೊರಡಿಸಬೇಕು. ಉಸಿರು ಮುಗಿಯುವವರೆಗೆ ಹೂಂ ಎಳೆಯಬೇಕು. ನಡುವೆ ಕೆಮ್ಮಿದರೆ ಮತ್ತೆ ಮೊದಲಿನಿಂದ. ಎಲ್ಲ ಸರಿಯಾದರೆ ಹಸಿರು ದೀಪ.

ಮೊದಲ ಕೆಲವು ವಾರ ಅಳಿಯನೇ ಊದಿದ. ದಿನಾ ಮೊಮ್ಮಗಳು ಚೂಟಿಯನ್ನು ಶಾಲೆಗೆ ಬಿಟ್ಟು ಕೆಲಸಕ್ಕೆ ಹೋಗುವುದು ಅವನ ಪದ್ಧತಿ. ಚೂಟಿಯ ಕೈ ಹಿಡಿದು ನೆಲಮಾಳಿಗೆಗೆ ಇಳಿದು, ಹಿಂದಿನ ಸೀಟಿನಲ್ಲಿ ಕೂರಿಸಿ ಬೆಲ್ಟ್ ಹಾಕುವುದು ಟೀಚರ ಪದ್ಧತಿ. ಒಂದು ಚಳಿಯ ಬೆಳಿಗ್ಗೆ ಅವನು ಊದಲು ಹೋಗಿ ಕೆಮ್ಮಿದ. ಮತ್ತೆ ಊದಲು ಹೋಗಿ ಮತ್ತೆ ಕೆಮ್ಮಿ, ಎದೆ ಹಿಡಿದುಕೊಂಡ.

"ಏನಾಯ್ತೋ?"

"ಉಬ್ಬಸ ಅಮ್ಮ. ಚಿಕ್ಕಂದಿನಲ್ಲಿತ್ತು, ಈಗ ಮತ್ತೆ ಶುರುವಾಗಿದೆ. ಬೆಳಗಿನ ಹೊತ್ತು ಹೂಂ ಎಳೆಯೋಕ್ಕೇ ಆಗಲ್ಲ. ಬಿಸಿಲೇರಿದ ಮೇಲೆ ಸರಿಹೋಗತ್ತೆ." ಅವನು ಕೊಳವೆಯನ್ನು ಅವರತ್ತ ಚಾಚಿದ. "ನಿಮ್ಮ ಉಸಿರೇನು ನಮ್ಮಂಥೋರದಾ? ಒಂದು ಸಲ ಊದಿಬಿಡಿ. ಇವತ್ತೊಂದಿನ."

ಹೊಗಳಿ ಅಟ್ಟಕ್ಕೇರಿಸಿದರೆ ಯಾರು ತಾನೇ ಏಣಿ ನೋಡುತ್ತಾರೆ? ಟೀಚರಿಗೆ ಕಚೇರಿಯ ಹುಡುಗಿಯ ಮಾತು ನೆನಪಾಗಲಿಲ್ಲ ಎಂದಲ್ಲ. ಆದರೆ ಆ ನಿಯಮ ಕುಡುಕರಿಗೆ, ಇವನು ಉಬ್ಬಸದವನು ಎಂದು ತಮಗೆ ತಾವೇ ತೀರ್ಪು ಕೊಟ್ಟುಕೊಂಡರು. ಕಣ್ಣು ಮಂಜಾದವನಿಗೆ ಕನ್ನಡಕ ಕೊಟ್ಟರೆ ತಪ್ಪೇ? ಕಿಟಕಿಯಿಂದ ಬಗ್ಗಿ, ಹೊಟ್ಟೆಯಾಳದಿಂದ ಒಂದು ಉಸಿರು ತೆಗೆದು ಊದಿ, ಹೂಂ ಎಂದರು. ಹಸಿರು ದೀಪ ಹತ್ತಿತು. ಹಿಂದಿನ ಸೀಟಿನಲ್ಲಿ ಚೂಟಿ ಚಪ್ಪಾಳೆ ತಟ್ಟಿದಳು.

ಒಂದು ದಿನದ ಮಾತು ದಿನದಿನದ ಮಾತಾಯಿತು. ಚಳಿಗಾಲ ಹೋಯಿತು, ಉಬ್ಬಸ ಹೋಗಲಿಲ್ಲ. ಅದೇ ಅಳಿಯ ಸಂಜೆ ಚೂಟಿಯನ್ನು ಹೆಗಲ ಮೇಲೆ ಕೂರಿಸಿಕೊಂಡು ಮೂರು ಮಹಡಿ ಓಡಿ ಹತ್ತುತ್ತಿದ್ದ, ಹಾಡುತ್ತಾ. ಟೀಚರು ಅದನ್ನು ನೋಡಿ, ಬಿಸಿಲೇರಿದ ಮೇಲೆ ಸರಿಹೋಗುತ್ತದೆ ಎಂದು ಹೇಳಿದ್ದ ಅಲ್ಲವೇ ಎಂದುಕೊಳ್ಳುತ್ತಿದ್ದರು. ಅವರೇ ಒಂದು ಕಾಲದಲ್ಲಿ ತಮ್ಮ ಗಂಡನ ಬಾಯಿಯ ಬೀಡಿ ವಾಸನೆಯನ್ನು ಬಾಗಿಲಾಚೆಯಿಂದ ಹಿಡಿಯುತ್ತಿದ್ದ ಹೆಂಗಸು. ಆದರೆ ಅಳಿಯ ಬೆಳಿಗ್ಗೆ ಎದ್ದೊಡನೆ ಲವಂಗ ಜಗಿಯುತ್ತಿದ್ದ, ಉಬ್ಬಸಕ್ಕೆ ಒಳ್ಳೆಯದಂತೆ. ಬೆಳ್ಳಗಿರುವುದೆಲ್ಲ ಹಾಲು ಎಂದು ನಂಬುವುದಕ್ಕೆ ದಡ್ಡತನವೇ ಬೇಕಿಲ್ಲ, ಪ್ರೀತಿ ಇದ್ದರೂ ಸಾಕು.

ಮಧ್ಯಾಹ್ನಗಳಲ್ಲಿ ಟೀಚರು ಮೊಮ್ಮಗಳಿಗೆ ಉಸಿರಿನ ಪಾಠ ಶುರುಮಾಡಿದರು. ಗೋಡೆಗೆ ಒಂದು ಕಾಗದದ ಚೂರು ಹಿಡಿದು, ಕೈ ಬಿಟ್ಟು, ಊದುತ್ತಾ ಅದು ಬೀಳದ ಹಾಗೆ ನಿಲ್ಲಿಸಬೇಕು. "ಎದೆಯಿಂದ ಅಲ್ಲ ಕಣೇ, ಹೊಟ್ಟೆಯಿಂದ. ಆತುರ ಬೇಡ. ದಾರ ಬಿಡೋ ಹಾಗೆ ಬಿಡು." ಚೂಟಿ ಬೇಗ ಕಲಿತಳು. ಏಳು ವರ್ಷದ ಮಗು ಹಲ್ಲುಜ್ಜುವ ಹೊತ್ತಿನಲ್ಲೂ ಕಾಗದ ಹಿಡಿದು ಗೋಡೆಯ ಮುಂದೆ ನಿಂತಿರುತ್ತಿತ್ತು.

ಆಮೇಲೆ ಟೀಚರಿಗೆ ಜ್ವರ ಬಂತು. ಗಂಟಲು ಊದಿಕೊಂಡು ನೀರು ನುಂಗಲೂ ಆಗದೆ ಮಲಗಿದರು. ಮೊದಲ ಬೆಳಿಗ್ಗೆ ಮಲಗಿದಲ್ಲೇ ಅವರಿಗೆ ಚಿಂತೆ, ಪಾಪ, ಹುಡುಗ ಇವತ್ತು ಏನು ಮಾಡುತ್ತಾನೋ. ಅಷ್ಟರಲ್ಲಿ ಕೆಳಗೆ ನೆಲಮಾಳಿಗೆಯ ಇಳಿಜಾರಿನಿಂದ ಕಾರು ಹೊರಬಂದ ಸದ್ದು ಕೇಳಿತು. ಆ ಸದ್ದು ಅವರಿಗೆ ಚೆನ್ನಾಗಿ ಗೊತ್ತು. ಮರುದಿನವೂ ಕೇಳಿತು, ಅದರ ಮರುದಿನವೂ. ಅಂದರೆ ಅವನು ಊದಿದ್ದಾನೆ, ಉಬ್ಬಸ ಬಿಟ್ಟಿದೆ. ಜ್ವರದಲ್ಲೂ ಟೀಚರ ಮುಖದ ಮೇಲೆ ನಗು ಬಂತು. ಸೋಲುತ್ತಿದ್ದ ಹುಡುಗ ಕೊನೆಗೂ ಓಟ ಮುಗಿಸಿದಾಗ ಬರುತ್ತಿದ್ದಂಥ ನಗು.

ಜ್ವರ ಇಳಿದ ಬೆಳಿಗ್ಗೆ ಶಾಲು ಹೊದ್ದು, ಚೂಟಿಯ ಕೈ ಹಿಡಿದು ಅವರು ಕೆಳಗಿಳಿದು, ಅವಳನ್ನು ಹಿಂದಿನ ಸೀಟಿನಲ್ಲಿ ಕೂರಿಸಿ ಬೆಲ್ಟ್ ಹಾಕಿದರು. ಆವತ್ತು ಮಗಳಿಗೆ ತಡವಾದ ಪಾಳಿ. ಅವಳೂ ಕಾರಿನಲ್ಲೇ ಹೊರಟಿದ್ದಳು, ಮುಂದಿನ ಸೀಟಿನಲ್ಲಿ ಕೂತು ತಲೆ ಬಾಚಿಕೊಳ್ಳುತ್ತಿದ್ದಳು. ನೆಲಮಾಳಿಗೆಯ ಟ್ಯೂಬ್‌ಲೈಟು ಎಂದಿನಂತೆ ಮಿಣುಕುತ್ತಿತ್ತು. ಅಳಿಯ ಕಿಟಕಿ ಇಳಿಸಿ, ಕೊಳವೆಯನ್ನು ಹೊರಗೆ ಚಾಚಿದ.

"ಬಂದ್ರಾ ಅಮ್ಮ. ನೀವಿಲ್ದೆ ಕೈ ಮುರಿದ ಹಾಗಾಗಿತ್ತು."

"ಸುಳ್ಳು ಹೇಳ್ಬೇಡ," ಎಂದರು ಟೀಚರು ನಗುತ್ತಾ. "ನಾನು ಮಲಗಿದ್ದಾಗ ನೀನೇ ಊದಿದೀಯಲ್ಲ, ಕೇಳಿಸ್ತು ನಂಗೆ. ಎಲ್ಲಿ, ಇವತ್ತು ನನ್ನ ಮುಂದೆ ಊದು. ನೋಡ್ತೀನಿ."

ಅಳಿಯನ ಕೈ ಕೊಳವೆಯನ್ನು ಹಿಡಿದಂತೆಯೇ ನಿಂತಿತು. "ಇವತ್ತು ಮತ್ತೆ ಸ್ವಲ್ಪ ಹಿಡಿದುಕೊಂಡಿದೆ."

"ಹಿಡಿದುಕೊಂಡ್ರೆ ಬಿಡಿಸೋದು ಹೇಗೆ ಅಂತ ನಾನು ಹೇಳ್ಕೊಡ್ತೀನಿ. ನೆಟ್ಟಗೆ ಕೂತ್ಕೋ. ಭುಜ ಇಳಿಸು. ಮೂರು ದಿನ ಮಾಡಿದೋನಿಗೆ ನಾಲ್ಕನೇ ದಿನ ಏನು ಕಷ್ಟ?"

"ಅಮ್ಮ, ದಯವಿಟ್ಟು."

ಮಗಳು ಬಾಚಣಿಗೆಯಿಂದ ಕೂದಲು ಬಿಡಿಸಿಕೊಳ್ಳುತ್ತಾ, ಈ ಕಡೆ ತಿರುಗದೆ ಹೇಳಿದಳು. "ಊದಿಬಿಡಮ್ಮ. ರಾತ್ರಿ ಒಂದು ಗಂಟೆವರೆಗೆ ಕೂತಿದ್ರು, ಅವರು ಊದಿದ್ರೆ ಇನ್ನು ಮಧ್ಯಾಹ್ನದವರೆಗೆ ಇಲ್ಲೇ. ನಂಗೆ ಲೇಟಾಗ್ತಿದೆ."

ಕರೆಂಟು ಹೋಯಿತು, ಹಾಲು ಉಕ್ಕಿತು ಎನ್ನುವ ದನಿಯಲ್ಲೇ ಅವಳು ಅದನ್ನು ಹೇಳಿದ್ದಳು. ಟೀಚರಿಗೆ ಮೊದಲು ಅರ್ಥವೇ ಆಗಲಿಲ್ಲ. ಒಂದು ಗಂಟೆವರೆಗೆ ಎಲ್ಲಿ ಕೂತಿದ್ದ, ಯಾಕೆ ಕೂತಿದ್ದ ಎಂದು ಕೇಳಲು ಬಾಯಿ ತೆರೆದರು, ಅಷ್ಟರಲ್ಲಿ ಅರ್ಥವಾಗಿ ಬಾಯಿ ಮುಚ್ಚಿಕೊಂಡರು. ಚೂಟಿಯನ್ನು ಮಲಗಿಸುತ್ತಾ ದಿನಾ ಒಂಬತ್ತಕ್ಕೇ ನಿದ್ದೆ ಹೋಗುವ ಮುದುಕಿಗೆ ಆ ಮನೆಯ ರಾತ್ರಿಗಳು ಗೊತ್ತೇ ಇರಲಿಲ್ಲ.

ಅವರು ಬಗ್ಗಿ ಅಳಿಯನ ಮುಖ ನೋಡಿದರು. ಲವಂಗದ ವಾಸನೆ ಬಂತು. ಅದರ ಹಿಂದೆ ಇನ್ನೊಂದು ವಾಸನೆಯೂ ಇತ್ತು, ಹಳಸಿದ ಹುಳಿ ವಾಸನೆ. ಅದು ಇಷ್ಟು ದಿನವೂ ಇತ್ತು. ಮೂಗು ಸರಿಯಿತ್ತು, ಮನಸ್ಸು ಮೂಗನ್ನು ಮುಚ್ಚಿಕೊಂಡಿತ್ತು.

"ಬೆಳಿಗ್ಗೆ ಒಂದು ತೊಟ್ಟೂ ಮುಟ್ಟಲ್ಲ ಅಮ್ಮ, ಆಣೆ ಮಾಡ್ತೀನಿ," ಎಂದ ಅವನು ಬೇಗಬೇಗ. "ರಾತ್ರೀದು ಸ್ವಲ್ಪ ಉಳಿದಿರತ್ತೆ ಅಷ್ಟೇ. ನಾನು ಸರಿಯಾಗೇ ಇದೀನಿ, ಓಡಿಸೋಕ್ಕೆ ಏನೂ ತೊಂದರೆ ಇಲ್ಲ. ಆ ಡಬ್ಬಿಗೆ ಅದೆಲ್ಲ ತಿಳಿಯಲ್ಲ."

ಟೀಚರು ಏನಾದರೂ ಹೇಳುವ ಮೊದಲೇ ಹಿಂದೆ ಬೆಲ್ಟ್ ಕಳಚಿದ ಸದ್ದಾಯಿತು. ಚೂಟಿ ಎರಡು ಸೀಟುಗಳ ನಡುವೆ ತೂರಿಕೊಂಡು ಬಂದಳು. ದೊಡ್ಡವರ ಜಗಳ ಕಂಡರೆ ಆಗದ ಮಗು ಅದು, ಬೇಗ ರಾಜಿ ಮಾಡಿಸಿಬಿಡುವ ಆತುರ. "ಅಜ್ಜಿಗೆ ಇನ್ನೂ ಗಂಟಲು ನೋವು ಅಪ್ಪ. ನಾನೇ ಊದ್ತೀನಿ," ಎಂದಳು. ಅಪ್ಪನ ಕೈಯಿಂದ ಕೊಳವೆ ಎಳೆದುಕೊಂಡಳು. ಭುಜ ಇಳಿಸಿದಳು. ಹೊಟ್ಟೆಯಿಂದ ಉಸಿರು ತೆಗೆದು, ದಾರ ಬಿಡುವ ಹಾಗೆ ಬಿಡುತ್ತಾ, ಸಣ್ಣ ಗಂಟಲಲ್ಲಿ ಹೂಂ ಎಂದು ಎಳೆದಳು. ಎಲ್ಲೂ ತಡವರಿಸಲಿಲ್ಲ. ಹಸಿರು ದೀಪ ಹತ್ತಿತು.

"ಅಜ್ಜಿ ಮಲಗಿದ್ದಾಗೆಲ್ಲ ನಾನೇ ಅಲ್ವಾ ಊದಿದ್ದು," ಎಂದಳು.

ಮಗಳ ಕೈಯಲ್ಲಿದ್ದ ಬಾಚಣಿಗೆ ನಿಂತಿತು. ಇದು ಅವಳಿಗೂ ಗೊತ್ತಿರಲಿಲ್ಲ ಎಂದು ಟೀಚರಿಗೆ ಅವಳ ಕತ್ತು ನೋಡಿಯೇ ತಿಳಿಯಿತು. ಅಳಿಯ ಅಭ್ಯಾಸಬಲದಿಂದ ಕೀಲಿ ತಿರುಗಿಸಿಬಿಟ್ಟಿದ್ದ. ಇಂಜಿನ್ನು ಗುರ್ ಎಂದು ಶುರುವಾಗಿತ್ತು. ಟೀಚರು ಕಿಟಕಿಯೊಳಗೆ ಕೈ ಹಾಕಿ, ಕೀಲಿ ತಿರುಗಿಸಿ ಆರಿಸಿ, ಕಿತ್ತುಕೊಂಡರು. ಮೈದಾನದಲ್ಲಿ ಎಷ್ಟೋ ಪುಂಡರ ಕೈಯಿಂದ ಚೆಂಡು ಕಿತ್ತುಕೊಂಡ ಕೈ ಅದು, ಅವನಿಗೆ ತಡೆಯಲು ಹೊತ್ತೇ ಸಿಗಲಿಲ್ಲ.

"ಅಮ್ಮ, ಕೇಳಿ ಇಲ್ಲಿ," ಎಂದ.

"ಇಳೀರಿ," ಎಂದರು ಟೀಚರು. "ನೀವು ಕಾರಿಂದ ಇಳೀರಿ."

ಆ 'ನೀವು' ಅವನಿಗೆ ತಾಗಿತು. ತಲೆ ತಗ್ಗಿಸಿ ಇಳಿದು, ಪರದೆ ಬಟ್ಟೆಯ ಗಂಟನ್ನೂ ಇಳಿಸಿಕೊಂಡು ಕಂಬಕ್ಕೊರಗಿ ನಿಂತ. ನಂಬಿಸಿ ಕುತ್ತಿಗೆ ಕೊಯ್ಯುವವನು ಇಷ್ಟು ಸಾಧುವಾಗಿ ಕಾಣುತ್ತಾನೆಂದು ಟೀಚರು ಎಂದೂ ಅಂದುಕೊಂಡಿರಲಿಲ್ಲ. ಅವರಿಗೆ ಅವನ ಮೇಲೆ ಸಿಟ್ಟು ಬಂತು, ಅಸಹ್ಯವೂ ಬಂತು. ಆದರೆ ಅವನು ಪರರ ಮನೆಯ ಮಗ. ಅವರು ಇನ್ನೊಂದು ಕಡೆಗೆ ನಡೆದು ಹೋಗಿ ಮಗಳ ಬಾಗಿಲು ತೆರೆದರು.

"ನಿನಗೆ ಗೊತ್ತಿತ್ತು."

"ಕಾರಿಲ್ದಿದ್ರೆ ಕೆಲಸ ಇಲ್ಲ. ಕೆಲಸ ಇಲ್ದಿದ್ರೆ ಹಗಲೂ ಕುಡೀತಾರೆ. ನಾನೇನು ಮಾಡ್ಲಿ?"

"ಇವಳು ಹಿಂದೆ ಕೂತಿರ್ತಾಳಲ್ಲೇ."

"ಶಾಲೆ ಎರಡೇ ತಿರುವು ಅಮ್ಮ..." ಎಂದು ಶುರುಮಾಡಿದವಳು ಬಾಚಣಿಗೆಯನ್ನು ಚೀಲಕ್ಕೆ ತುರುಕಿದಳು.

"ನಂಗೆ ಯಾಕೆ ಹೇಳ್ಲಿಲ್ಲ? ಅಷ್ಟು ದಿನದಿಂದ ಹುಚ್ಚಿ ಹಾಗೆ ಊದ್ತಿದೀನಿ. ಪಾಪ ಉಬ್ಬಸ, ಪಾಪ ಉಬ್ಬಸ ಅಂತ. ಒಂದು ಮಾತು ಹೇಳೋಕ್ಕಾಗ್ಲಿಲ್ವಾ ನಿಂಗೆ?"

ಮಗಳು ಆಗ ಮೊದಲ ಸಲ ಅವರ ಮುಖ ನೋಡಿದಳು. ಅವಳ ಕಣ್ಣಿನಲ್ಲಿದ್ದದ್ದು ನಾಚಿಕೆಯಲ್ಲ, ಆಶ್ಚರ್ಯ.

"ನಿಂಗೆ ಗೊತ್ತಿರಲಿಲ್ವಾ?" ಎಂದಳು. "ಉಬ್ಬಸ ಅನ್ನೋದು ಮಗು ಮುಂದೆ ಹೇಳೋ ಮಾತು ಅಂದ್ಕೊಂಡಿದ್ದೆ. ನಿಂಗೆ ಎಲ್ಲಾ ಗೊತ್ತಿದ್ದೇ ಊದ್ತಿದೀಯ ಅಂತ ಇಬ್ರೂ ಅಂದ್ಕೊಂಡಿದ್ವಿ. ದಿನಾ ಹೂಂ ಅಂತಿದ್ದೆಯಲ್ಲಮ್ಮ. ನಮ್ಮ ಸಂಸಾರ ಉಳೀಲಿ ಅಂತ ಅಮ್ಮ ಇಷ್ಟು ಮಾಡ್ತಿದಾಳಲ್ಲ ಅಂತ, ನಿನ್ನ ಮೇಲೆ ಮುಂಚಿಲ್ಲದ ಗೌರವ ಬಂದಿತ್ತು ನಂಗೆ."

ಅಳಿಯ ಮಾಡಿದ ಮೋಸವನ್ನು ಟೀಚರು ಹೇಗೋ ನಿಂತು ಸಹಿಸಿದ್ದರು. ಈ ಗೌರವ ಅವರನ್ನು ಕೆಡವಿತು. ಇಷ್ಟು ದಿನ ಊಟದ ಮೇಜಿನ ಸುತ್ತ ಕೂತಾಗೆಲ್ಲ ಇವರಿಬ್ಬರೂ ತಮ್ಮನ್ನು ಕಳ್ಳತನದ ಪಾಲುದಾರಳನ್ನಾಗಿ ನೋಡಿದ್ದರು, ಆ ಕಣ್ಣಿನಲ್ಲೇ ಪ್ರೀತಿಯಿಂದ ಬಡಿಸಿದ್ದರು, ಜ್ವರ ಬಂದಾಗ ಹಣೆ ಮುಟ್ಟಿದ್ದರು. ತಾವು ಯಾರೆಂದು ಹೊಟ್ಟೆಯಲ್ಲಿ ಹುಟ್ಟಿದ ಮಗಳಿಗೇ ಗೊತ್ತಿರಲಿಲ್ಲ. ಅಥವಾ ಅವಳಿಗೇ ಸರಿಯಾಗಿ ಗೊತ್ತಿತ್ತೋ ಏನೋ ಎಂಬ ಅನುಮಾನ ಬಂದು, ಬೇಲಿಯೇ ಎದ್ದು ಹೊಲ ಮೇಯ್ದರೆ ಹೊಲವಾದರೂ ಯಾರಿಗೆ ದೂರು ಹೇಳಬೇಕು ಎಂದುಕೊಂಡು ಅವರು ಮಗಳ ಬಾಗಿಲು ಮುಚ್ಚಿದರು.

ಆಮೇಲೆ ಚೂಟಿಯನ್ನು ಇಳಿಸಿ, ಅವಳ ಚೀಲ ತಮ್ಮ ಹೆಗಲಿಗೆ ಹಾಕಿಕೊಂಡು, ಇಳಿಜಾರು ಹತ್ತಿ ಬೀದಿಗೆ ಬಂದರು.

ಬೀದಿಯಲ್ಲಿ ಅಂಗಡಿಗಳ ಶಟರು ಏಳುತ್ತಿದ್ದವು. ಟೀಚರು ನಡೆಯುತ್ತಲೇ ವಿಮೆ ಕಂಪನಿಗೆ ಫೋನು ಮಾಡಿದರು. ಗಂಟಲು ಇನ್ನೂ ಸರಿಯಾಗಿರಲಿಲ್ಲ, ದನಿ ಒಡೆದು ಬರುತ್ತಿತ್ತು. ಬಹಳ ಹೊತ್ತು ಸಂಗೀತ ಕೇಳಿಸಿದ ಮೇಲೆ ಒಬ್ಬ ಹುಡುಗಿ ಬಂದಳು. ಹಳೆಯ ಹುಡುಗಿಯೋ ಬೇರೆಯವಳೋ ತಿಳಿಯಲಿಲ್ಲ.

"ನನ್ನ ಹೆಸರಲ್ಲಿರೋ ವಿಮೆ ರದ್ದು ಮಾಡಮ್ಮ," ಎಂದರು.

"ಕಾರಣ ಹೇಳ್ಬೇಕು ಮೇಡಂ."

"ಓಡಿಸೋರು ಊದ್ತಿರಲಿಲ್ಲ. ಬೇರೆಯವರು ಊದ್ತಿದ್ರು."

ಆ ಕಡೆ ಕೀಬೋರ್ಡಿನ ಸದ್ದು ನಿಂತಿತು. "ಮೇಡಂ, ಇದನ್ನ ನಾನು ದಾಖಲು ಮಾಡಿದ್ರೆ ಬರೀ ರದ್ದಾಗಲ್ಲ. ನಿಮ್ಮ ಹೆಸರಿಗೆ ಇನ್ನು ಯಾವ ಕಂಪನೀಲೂ ವಿಮೆ ಸಿಗಲ್ಲ. ಪೊಲೀಸರಿಗೂ ಹೋಗತ್ತೆ. ಸುಮ್ನೆ ಬೇಡ ಅಂತ ನಿಲ್ಲಿಸಿದ್ರೂ ಆಗತ್ತೆ."

ಸುಮ್ಮನೆ ನಿಲ್ಲಿಸಿದರೆ ನಾಳೆ ಇನ್ನೊಬ್ಬರ ಹೆಸರಿಗೆ ಇನ್ನೊಂದು ವಿಮೆ, ಅದೇ ಕಾರು, ಅದೇ ಕೊಳವೆ. ಟೀಚರಿಗೆ ಅದು ಕಾಣಿಸಿತು. "ದಾಖಲು ಮಾಡು," ಎಂದರು.

ಚೂಟಿ ಅವರ ಶಾಲಿನ ತುದಿ ಹಿಡಿದು ಎಳೆದಳು. ಮುಖ ಮೇಲೆತ್ತಿ, "ಅಜ್ಜಿ, ನಾನು ಸರಿಯಾಗಿ ಊದಲಿಲ್ವಾ?" ಎಂದು ಕೇಳಿದಳು.

ಟೀಚರು ಫೋನನ್ನು ಎದೆಗೆ ಒತ್ತಿ ಹಿಡಿದು ನಿಂತರು. "ಚೆನ್ನಾಗೇ ಊದಿದೆ ಪುಟ್ಟ," ಎಂದರು. "ಇನ್ಮೇಲೆ ಊದೋದು ಬೇಡ, ಅಷ್ಟೇ."

ಮತ್ತೆ ಫೋನು ಕಿವಿಗಿಟ್ಟಾಗ ಹುಡುಗಿ ಕೇಳುತ್ತಿದ್ದಳು. "ಮೇಡಂ, ಇದೀರಾ? ಊದ್ತಿದ್ದೋರು ಯಾರು ಅಂತ ಬರೀಬೇಕು. ಎಷ್ಟು ಜನ?"

"ನಾನು," ಎಂದರು ಸೀಟಿ ಟೀಚರು, ಹುಟ್ಟಿದಾಗ ಇಟ್ಟ ಹೆಸರನ್ನು ಬಿಡಿಸಿ ಬಿಡಿಸಿ ಹೇಳಿದರು. "ನಾನೊಬ್ಬಳೇ. ಬೇರೆ ಯಾರೂ ಇಲ್ಲ."